ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ: ಅತ್ತೆ–ಸೊಸೆ ಕೂತು ಓದಿದ ಕಥೆ

(ಜಿಲ್ಲೆಯ ಮಹಿಳಾ ಸಂಘಟನೆಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಇಲ್ಲಿ ಮಾತಾಡಲು ಕರೆದವರು 'ಮಹಿಳೆ ಮತ್ತು ಕಾನೂನು ಅರಿವು' ಎಂಬ ವಿಷಯ ಕೊಟ್ಟಿದ್ದರು. ಆ ವಿಷಯದ ಮೇಲೆ ನೀವೆಲ್ಲ ಎಷ್ಟೋ ಭಾಷಣ ಕೇಳಿದ್ದೀರಿ, ನಾವೇ ಕರಪತ್ರ ಅಚ್ಚು ಹಾಕಿಸಿ ಸಂತೆಯಲ್ಲಿ ಹಂಚಿದ್ದೇವೆ. ಆದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ವಿಷಯ ಹೇಳಲು ಅನುಮತಿ ಕೇಳಿದೆ. ನಮ್ಮ ಹೆಣ್ಣುಮಕ್ಕಳು ಕಾನೂನು ಓದಲು ಹೋಗುವುದು ಹೇಗೆ, ಆ ಬಾಗಿಲಲ್ಲಿ ನಿಂತಿರುವ ಪರೀಕ್ಷೆಯನ್ನು ದಾಟುವುದು ಹೇಗೆ, ಮೊದಲ ಸಲ ಬಂದ ಕಡಿಮೆ ಅಂಕವನ್ನು ಎರಡನೇ ಸಲಕ್ಕೆ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದು ನನ್ನ ವಿಷಯ. ನಾನು ಉಪಾಧ್ಯಾಯಿನಿ ಅಲ್ಲ. ಎರಡು ವರ್ಷ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ನಾನೂ ನನ್ನ ಸೊಸೆಯೂ ಕೂತು ಮಾಡಿದ್ದನ್ನಷ್ಟೇ ಹೇಳಬಲ್ಲೆ.

ಸೊಸೆ ಎಂದರೆ ಮಗನ ಹೆಂಡತಿ ಅಲ್ಲ, ನನ್ನ ಅಣ್ಣನ ಮಗಳು. ನಮ್ಮ ಕಡೆ ಅವಳು ಸೊಸೆಯೇ, ನಾನು ಅವಳಿಗೆ ಅತ್ತೆಯೇ. ಅತ್ತೆ–ಸೊಸೆ ಎಂದರೆ ನಮ್ಮ ಕೇಂದ್ರದ ಫೈಲುಗಳಲ್ಲಿ ಬರುವ ಜೋಡಿ ಯಾವುದೆಂದು ನಿಮಗೆ ಗೊತ್ತು. ಇದು ಬೇರೆ ಜೋಡಿ.

ತಿಪಟೂರಿನ ಹತ್ತಿರ ನಮ್ಮದು ತೆಂಗಿನ ತೋಟ. ಮದುವೆಯಾಗಿ ಆರು ವರ್ಷಕ್ಕೆ ನಾನು ಗಂಡನ ಮನೆ ಬಿಟ್ಟು ತವರಿಗೆ ಬಂದೆ. ಬಂದ ಮೇಲೆ ಮಹಿಳಾ ಕೇಂದ್ರದಲ್ಲಿ ಅರ್ಜಿ ಬರೆಯುವ ಕೆಲಸಕ್ಕೆ ಸೇರಿದೆ. ಠಾಣೆಗೆ, ಕೋರ್ಟಿಗೆ ಹೆಂಗಸರ ಜೊತೆ ಹೋಗುತ್ತಿದ್ದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನೀವು ಯಾರಮ್ಮ? ವಕೀಲರಾ?" ಅಲ್ಲ ಎಂದರೆ "ಹಾಗಾದ್ರೆ ಹೊರಗೆ ಕೂತ್ಕೊಳ್ಳಿ." ಹೊರಗಿನ ಕಲ್ಲುಬೆಂಚಿನ ಮೇಲೆ ನಾನು ಬಹಳ ಹೊತ್ತು ಕೂತಿದ್ದೇನೆ. ಈ ದೇಶದಲ್ಲಿ ಹೆಂಗಸು ವಕೀಲಿ ಮಾಡಬಹುದೆಂದು ಕಾಯಿದೆ ಬಂದದ್ದೇ 1923ರಲ್ಲಿ. ನೂರು ವರ್ಷ ಕಳೆದರೂ ನಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಪ್ಪು ಕೋಟಿನ ಹೆಂಗಸರನ್ನು ಬೆರಳಲ್ಲೇ ಎಣಿಸಬಹುದು.

ಸೊಸೆ ಸರ್ಕಾರಿ ಶಾಲೆಯಲ್ಲಿ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಕಲಾ ವಿಭಾಗ ಸೇರಿದ್ದಳು. ರಜೆಯಲ್ಲಿ ನನ್ನ ಜೊತೆ ಕೇಂದ್ರಕ್ಕೆ ಬಂದು ಅರ್ಜಿಗಳ ನಕಲು ಮಾಡಿಕೊಡುತ್ತಿದ್ದಳು. 2023ರ ಬೇಸಿಗೆಯಲ್ಲಿ ಒಂದು ದಿನ "ಅತ್ತೆ, ನಾನು ಲಾ ಓದ್ತೀನಿ" ಅಂದಳು. ಅಣ್ಣ ಬೈಯಲಿಲ್ಲ. ಅವನು ಹೇಳಿದ್ದು ಇಷ್ಟೇ: "ಒಂದು ಸಲ ಪರೀಕ್ಷೆ ಕಟ್ಟಲಿ. ಸಿಕ್ಕಿದ್ರೆ ಓದಲಿ. ಸಿಗ್ಲಿಲ್ಲ ಅಂದ್ರೆ ಗಂಡು ನೋಡೋಣ." ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಠೇವಣಿ ಇತ್ತು. ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಒಂದಿಷ್ಟು ಒಂದಿಷ್ಟು ಸೇರಿಸಿ ಇಟ್ಟದ್ದು. ಆ ಹಣಕ್ಕೆ ಮನೆಯಲ್ಲಿ ಇದ್ದ ಹೆಸರು 'ಮದುವೆ ದುಡ್ಡು.' ಓದಿನ ದುಡ್ಡು ಎಂದು ಯಾರೂ ಕರೆದಿರಲಿಲ್ಲ. ಅಂಕ ಬಂದರೆ ಆ ಹಣ ಒಂದು ಕಡೆಗೆ, ಬಾರದಿದ್ದರೆ ಇನ್ನೊಂದು ಕಡೆಗೆ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ಪರೀಕ್ಷೆಯ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಪಾಠ ಶುರುವಾಯಿತು. ಮಾಧವ ಮೆನನ್ ಅವರು ಅದರ ಮೊದಲ ನಿರ್ದೇಶಕರು. ಪಿಯುಸಿ ಮುಗಿಸಿದ ಮಕ್ಕಳಿಗೆ ಐದು ವರ್ಷದ ಕಾನೂನು ಪದವಿ. ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲೂ ಅಂಥ ವಿಶ್ವವಿದ್ಯಾಲಯಗಳು ಹುಟ್ಟಿದವು. ಈಗ ಇಪ್ಪತ್ತಕ್ಕೂ ಹೆಚ್ಚಿವೆ. ಮೊದಲು ಒಂದೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಶುಲ್ಕ, ಬೇರೆ ಊರಿಗೆ ಪ್ರಯಾಣ. ದುಡ್ಡಿಲ್ಲದ ಮಕ್ಕಳು, ಅದರಲ್ಲೂ ಒಬ್ಬರೇ ಪ್ರಯಾಣ ಮಾಡಲು ಬಿಡದ ಹೆಣ್ಣುಮಕ್ಕಳು, ಎಷ್ಟು ಊರಿಗೆ ಹೋದಾರು? ಈ ಬಗ್ಗೆ 2006ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹೋಯಿತು. ಅದರ ಫಲವಾಗಿ 2008ರಿಂದ ಒಂದೇ ಸಾಮಾನ್ಯ ಪರೀಕ್ಷೆ ಬಂತು. ಅದನ್ನೇ 'ಕ್ಲ್ಯಾಟ್' ಎನ್ನುತ್ತಾರೆ.

ಎರಡು ಗಂಟೆ, 120 ಪ್ರಶ್ನೆ. 2020ರಲ್ಲಿ ಮಾದರಿ ಬದಲಾಯಿಸಿ 150 ಮಾಡಿದ್ದರು; 2023ರ ಡಿಸೆಂಬರಿನ ಪರೀಕ್ಷೆಯಿಂದ 120 ಆಯಿತು. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಲೆಕ್ಕ ಎಂದು ಐದು ಭಾಗ. ಎಲ್ಲವೂ ಗದ್ಯಭಾಗದ ರೂಪದಲ್ಲಿ ಬರುತ್ತದೆ: ಸುಮಾರು 450 ಪದದ ಒಂದು ಬರಹ ಕೊಟ್ಟು ಅದರ ಕೆಳಗೆ ಕೆಲವು ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 45, ಪರಿಶಿಷ್ಟರಿಗೆ 40 ಬಂದಿದ್ದರೆ ಕೂರಬಹುದು. ವಯಸ್ಸಿನ ಮೇಲ್ಮಿತಿ ಇಲ್ಲ. ಅರ್ಜಿ ಶುಲ್ಕ ಮಾತ್ರ ಸಾಮಾನ್ಯ ವರ್ಗಕ್ಕೆ ನಾಲ್ಕು ಸಾವಿರ ರೂಪಾಯಿ. ಕೂಲಿ ಮಾಡುವ ಮನೆಗೆ ಇದು ದೊಡ್ಡ ಗೋಡೆ.

ಅದಕ್ಕಿಂತ ದೊಡ್ಡ ಗೋಡೆ ಭಾಷೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಎಂದು 2023ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅರ್ಜಿ ಹಾಕಿದ್ದರು. ನಮ್ಮ ಮಗು ಕಾಯುವಂತಿರಲಿಲ್ಲ.

ಬೆಂಗಳೂರಿನ ಒಂದು ತರಬೇತಿ ಸಂಸ್ಥೆಗೆ ಫೋನ್ ಮಾಡಿದರೆ ಲಕ್ಷಕ್ಕೂ ಮೇಲೆ ಹೇಳಿದರು. ಅಷ್ಟು ಹಣ ಕೇಳಿದರೆ ಅಣ್ಣ ಅಲ್ಲಿಗೇ ಮಾತು ಮುಗಿಸುತ್ತಾನೆಂದು ಗೊತ್ತಿತ್ತು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಎರಡೆರಡು ಪ್ರತಿ ಮುದ್ರಿಸಿಕೊಂಡು ಬಂದೆ. ಒಂದು ಅವಳಿಗೆ, ಒಂದು ನನಗೆ. ಅವಳೊಬ್ಬಳೇ ಕೂತರೆ ಬೇಸರ ಎಂದು ನಾನೂ ಕೂತೆ. ನಿಜ ಹೇಳಬೇಕೆಂದರೆ, ಆ ಕಲ್ಲುಬೆಂಚು ನನಗೂ ಸಾಕಾಗಿತ್ತು.

ಮೊದಲ ದಿನ ಗಡಿಯಾರ ಇಟ್ಟುಕೊಂಡು ಬರೆದೆವು. ಅವಳಿಗೆ 31, ನನಗೆ 38. ಅರ್ಧಕ್ಕರ್ಧ ಪ್ರಶ್ನೆ ಮುಟ್ಟಲೇ ಇಲ್ಲ, ಓದುವುದರಲ್ಲೇ ಎರಡು ಗಂಟೆ ಮುಗಿದಿತ್ತು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಇಂಗ್ಲಿಷಿಗೆ ನಾವು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕನ್ನಡ ಮಾಧ್ಯಮದ ಮಕ್ಕಳು ಸೋಲುವುದು ಇಲ್ಲೇ. ಮೊದಲು ಪದಪಟ್ಟಿ ಬಾಯಿಪಾಠ ಮಾಡಿದೆವು. ಒಂದು ತಿಂಗಳು ವ್ಯರ್ಥ. ಪಟ್ಟಿಯಲ್ಲಿದ್ದ ಪದ ಗದ್ಯದಲ್ಲಿ ಬಂದಾಗ ಬೇರೆಯೇ ಅರ್ಥದಲ್ಲಿ ಇರುತ್ತಿತ್ತು. ಆಮೇಲೆ ಪಟ್ಟಿ ಬಿಟ್ಟು, ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಹಿಡಿದೆವು. ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದರೆ ಅವಳು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದಬೇಕು. ಓದಿ ಮುಗಿದ ಮೇಲೆ ಪತ್ರಿಕೆ ಮಡಿಸಿಟ್ಟು, ಬರೆದವನು ಏನು ಹೇಳುತ್ತಿದ್ದಾನೆ, ಏಕೆ ಹಾಗೆ ಹೇಳುತ್ತಿದ್ದಾನೆ, ಯಾರ ಮಾತನ್ನು ಒಪ್ಪುತ್ತಿಲ್ಲ ಎಂದು ಮೂರು ವಾಕ್ಯದಲ್ಲಿ ನನಗೆ ಕನ್ನಡದಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ, ಮತ್ತೆ ಓದು. ಮೊದಲ ವಾರ ಒಂದು ಸಂಪಾದಕೀಯಕ್ಕೆ ಒಂದು ಗಂಟೆ ಹಿಡಿಯಿತು. ದಸರಾ ಹೊತ್ತಿಗೆ ಹದಿನೈದು ನಿಮಿಷಕ್ಕೆ ಬಂತು. ಇಂಗ್ಲಿಷನ್ನು ಕನ್ನಡದಲ್ಲಿ ಕಲಿತರೆ ಹಾಳಾಗುತ್ತದೆ ಎನ್ನುವವರಿದ್ದಾರೆ. ನಮ್ಮ ಅನುಭವ ಹಾಗಿಲ್ಲ. ಅರ್ಥವಾಗಿದೆ ಎಂಬ ಭ್ರಮೆಯನ್ನು ಒಡೆಯಲು ಅವರವರ ತಾಯಿನುಡಿಯೇ ಬೇಕು.

ಲೆಕ್ಕ ಹತ್ತನೇ ತರಗತಿಯ ಮಟ್ಟದ್ದು: ಶೇಕಡಾವಾರು, ಅನುಪಾತ, ಸರಾಸರಿ. ಹತ್ತು ಹನ್ನೆರಡು ಪ್ರಶ್ನೆ ಅಷ್ಟೇ. ಹೆಣ್ಣುಮಕ್ಕಳು ಹೆದರಿ ಇಡೀ ಭಾಗ ಬಿಟ್ಟುಬಿಡುತ್ತಾರೆ. ಸ್ವಸಹಾಯ ಸಂಘದ ಉಳಿತಾಯ, ಬಡ್ಡಿ, ಬಾಕಿ ಲೆಕ್ಕ ಬರೆಯುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅದೇ ಲೆಕ್ಕ ಇಲ್ಲಿಯೂ. ಪ್ರಚಲಿತ ವಿದ್ಯಮಾನಕ್ಕೆ ತಿಂಗಳಿಗೊಂದು ನೋಟುಪುಸ್ತಕ ಇಟ್ಟೆವು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ, ದಿನವೂ ಪತ್ರಿಕೆ ಓದಬೇಕು ಅಷ್ಟೇ.

ನಾನು ನಿಲ್ಲಬೇಕೆಂದಿರುವುದು ಕಾನೂನು ತರ್ಕದ ಭಾಗದಲ್ಲಿ. ಅಲ್ಲಿ ಒಂದು ನಿಯಮ ಕೊಡುತ್ತಾರೆ, ಒಂದು ಘಟನೆ ಕೊಡುತ್ತಾರೆ. ಕೊಟ್ಟ ನಿಯಮವನ್ನು ಆ ಘಟನೆಗೆ ಹಚ್ಚಿ ಉತ್ತರ ಹೇಳಬೇಕು. ಮೊದಲೇ ಕಾನೂನು ಗೊತ್ತಿರಬೇಕಿಲ್ಲ. ಕೇಂದ್ರದಲ್ಲಿ ವರ್ಷಗಟ್ಟಲೆ ಅರ್ಜಿ ಬರೆದವಳು ನಾನು, ಈ ಭಾಗದಲ್ಲಿ ನನ್ನನ್ನು ಯಾರೂ ಮೀರಿಸಲಾರರು ಅಂದುಕೊಂಡಿದ್ದೆ. ಆದರೆ ಪ್ರತಿ ಸಲವೂ ಸೊಸೆಗೆ ನನಗಿಂತ ಹೆಚ್ಚು ಅಂಕ.

ಒಂದು ದಿನ ಒಂದು ಅಭ್ಯಾಸ ಪತ್ರಿಕೆಯಲ್ಲಿ ವರದಕ್ಷಿಣೆಯ ಗದ್ಯ ಬಂತು. ಅದು 2007ರ ಅಪ್ಪಾಸಾಹೇಬ್ ಪ್ರಕರಣದ ತೀರ್ಪನ್ನು ಆಧರಿಸಿತ್ತು. ಆರ್ಥಿಕ ಮುಗ್ಗಟ್ಟಿನಿಂದಲೋ, ಮನೆಯ ತುರ್ತು ಖರ್ಚಿಗೋ, ಗೊಬ್ಬರ ಕೊಳ್ಳಲೋ ಹಣ ಕೇಳಿದರೆ ಅದು ವರದಕ್ಷಿಣೆಯ ಬೇಡಿಕೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಆಗ ಹೇಳಿತ್ತು. ಕೆಳಗಿನ ಘಟನೆಯಲ್ಲಿ ಮದುವೆಯಾಗಿ ಮೂರು ವರ್ಷದ ಮೇಲೆ ಗಂಡ ಮಾವನಿಂದ ಬೇಸಾಯದ ಖರ್ಚಿಗೆ ಹಣ ತರಲು ಹೆಂಡತಿಗೆ ಹೇಳುತ್ತಾನೆ. ಕೊಟ್ಟ ನಿಯಮದ ಪ್ರಕಾರ ಇದು ವರದಕ್ಷಿಣೆಯೇ?

ನನ್ನ ಗಂಡ ಕೇಳಿದ್ದು ಬೋರ್‌ವೆಲ್ಲಿಗೆ. ನನ್ನ ಅಪ್ಪ ಒಂದು ಲಕ್ಷ ಕೊಟ್ಟರು. ಬೋರಿನಲ್ಲಿ ನೀರು ಬರಲಿಲ್ಲ. ಎರಡನೇ ಬೋರಿಗೆ ಮತ್ತೆ ತಾ ಎಂದ. ಅಪ್ಪನ ಕೈಯಲ್ಲಿ ಇರಲಿಲ್ಲ. ಆಮೇಲಿನದನ್ನು ಇಲ್ಲಿ ವಿವರಿಸುವುದಿಲ್ಲ, ನಿಮಗೆ ಗೊತ್ತಿರುವುದೇ. ನಾನು ಠಾಣೆಗೆ ಹೋದಾಗ ಅಲ್ಲಿದ್ದವರು "ಬೋರ್ ಕೊರೆಸೋಕೆ ಕೇಳಿದ್ದು ಹೆಂಗಮ್ಮ ವರದಕ್ಷಿಣೆ ಆಗ್ತದೆ? ಸಂಸಾರ ಅಂದ್ರೆ ಕಷ್ಟಸುಖ ಇರ್ತದೆ, ಹೋಗು" ಎಂದು ಕಳಿಸಿದ್ದರು.

ಪ್ರಶ್ನೆ ಓದಿದೆ, ಕೈ ನಡುಗಿತು. 'ಹೌದು, ವರದಕ್ಷಿಣೆಯೇ' ಎಂಬ ಉತ್ತರಕ್ಕೆ ಗುರುತು ಹಾಕಿದೆ. ಆ ಗದ್ಯದ ಐದು ಪ್ರಶ್ನೆಯಲ್ಲಿ ನಾಲ್ಕು ತಪ್ಪು. ಸೊಸೆ ಐದೂ ಸರಿ ಮಾಡಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು. "ನಿನಗೆ ಇದು ವರದಕ್ಷಿಣೆ ಅಲ್ಲ ಅನ್ಸುತ್ತೇನೇ?" ಎಂದು ರೇಗಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಅನ್ಸುತ್ತೆ ಅತ್ತೆ. ಆದ್ರೆ ಅವರು ಕೇಳಿದ್ದು ನಮಗೇನು ಅನ್ಸುತ್ತೆ ಅಂತ ಅಲ್ಲ. ಮೇಲೆ ಕೊಟ್ಟಿರೋ ರೂಲ್ ಪ್ರಕಾರ ಅಂತ ಇದೆ" ಎಂದಳು.

ಹೌದು, ಹಾಗೇ ಇತ್ತು. ನನ್ನ ತಪ್ಪುಗಳ ಮೂಲ ಅಂದು ಗೊತ್ತಾಯಿತು. ನಾನು ಪ್ರತಿ ಪ್ರಶ್ನೆಯಲ್ಲೂ ನ್ಯಾಯ ಯಾವುದೋ ಅದಕ್ಕೆ ಗುರುತು ಹಾಕುತ್ತಿದ್ದೆ. ಪತ್ರಿಕೆ ಕೇಳುತ್ತಿದ್ದುದು ಕೊಟ್ಟ ನಿಯಮ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು. ಇವೆರಡೂ ಬೇರೆ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಈಗಲೂ ಆಗುತ್ತದೆ. ನಮ್ಮಂಥ ಕಾರ್ಯಕರ್ತೆಯರು, ಹಿಂಸೆ ಕಂಡ ಮನೆಯಿಂದ ಬಂದ ಹುಡುಗಿಯರು ಈ ಭಾಗದಲ್ಲಿ ಎಡವುವುದು ದಡ್ಡತನದಿಂದ ಅಲ್ಲ. ಗದ್ಯದ ಜೊತೆಗೆ ನಮ್ಮ ಬದುಕನ್ನೂ ಓದಿಬಿಡುತ್ತೇವೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ತೀರ್ಪು ನನ್ನನ್ನು ಬಿಡಲಿಲ್ಲ, ಹುಡುಕಿ ಓದಿದೆ. 2022ರ ಜನವರಿಯಲ್ಲಿ ಮಧ್ಯಪ್ರದೇಶದ ಜೋಗೇಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಮನೆ ಕಟ್ಟಲು ಹಣ ತಾ ಎಂದದ್ದೂ ವರದಕ್ಷಿಣೆಯ ಬೇಡಿಕೆಯೇ, ಆ ಪದವನ್ನು ವಿಶಾಲ ಅರ್ಥದಲ್ಲಿ ನೋಡಬೇಕು ಎಂದು ಹೇಳಿದ್ದಾರೆ. ಅಂದರೆ ನಾನು ಹಾಕಿದ ಗುರುತು ಆ ಪತ್ರಿಕೆಯಲ್ಲಿ ತಪ್ಪು; ದೇಶದ ಕಾನೂನು ಅಷ್ಟರಲ್ಲಿ ನನ್ನ ಕಡೆಗೆ ಸಾಕಷ್ಟು ವಾಲಿತ್ತು. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. 498ಎ ಕಲಮನ್ನು ಪರೀಕ್ಷೆಯ ಗದ್ಯ ಓದುವಂತೆ ಒಂದೊಂದೇ ಪದವಾಗಿ ಓದಿದೆ. ಅದರ ವಿವರಣೆಯಲ್ಲಿ 'ವರದಕ್ಷಿಣೆ' ಎಂಬ ಪದವೇ ಇಲ್ಲ! ಆಸ್ತಿಗೋ ಬೆಲೆಯುಳ್ಳ ಭದ್ರತಾಪತ್ರಕ್ಕೋ 'ಕಾನೂನುಬಾಹಿರ ಬೇಡಿಕೆ' ಇಟ್ಟು ಹಿಂಸಿಸಿದರೆ ಸಾಕು ಎಂದಿದೆ. ಬೋರಿನ ಹಣ ವರದಕ್ಷಿಣೆಯೋ ಅಲ್ಲವೋ ಎಂಬ ವಾದವೇ ಅಂದು ಠಾಣೆಯಲ್ಲಿ ಬೇಕಿರಲಿಲ್ಲ. ಇಷ್ಟು ವರ್ಷ ಆ ಕಲಮಿನ ಸಂಖ್ಯೆಯನ್ನು ಅರ್ಜಿಗಳಲ್ಲಿ ಬರೆದಿದ್ದೇನೆ, ಅದನ್ನು ಓದಿರಲಿಲ್ಲ. (2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ಹೊಸ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86, ವರದಕ್ಷಿಣೆ ಸಾವಿನ 304ಬಿ ಈಗ 80. ನಮ್ಮ ಬಾಯಲ್ಲಿ ಇನ್ನೂ ಹಳೆಯದೇ ಬರುತ್ತದೆ, ಅರ್ಜಿಯಲ್ಲಿ ಮಾತ್ರ ಎಚ್ಚರ ಇರಲಿ.)

ಅಂದಿನಿಂದ ನಾವು ತಪ್ಪುಗಳ ಪುಸ್ತಕ ಶುರುಮಾಡಿದೆವು. ಅಂಕ ಏರಿಸಿದ್ದು ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಪತ್ರಿಕೆ ಬರೆಯಲು ಎರಡು ಗಂಟೆಯಾದರೆ, ತಪ್ಪು ನೋಡಲು ಮೂರು ಗಂಟೆ. ಪ್ರತಿ ತಪ್ಪಿಗೂ ಒಂದು ಸಾಲು: ನಾನು ಏನು ಗುರುತಿಸಿದೆ, ಆಗ ನನ್ನ ತಲೆಯಲ್ಲಿ ಏನಿತ್ತು, ಗದ್ಯದ ಯಾವ ಸಾಲು ನನ್ನ ಉತ್ತರವನ್ನು ತಪ್ಪು ಮಾಡುತ್ತದೆ. ಕೊನೆಗೆ ಒಂದು ಅಕ್ಷರ. 'ಅ' ಎಂದರೆ ಅವಸರ, 'ಗೊ' ಎಂದರೆ ಗೊತ್ತಿರಲಿಲ್ಲ, 'ಹೊ' ಎಂದರೆ ಹೊರಗಿನದನ್ನು ತಂದದ್ದು, 'ಬ' ಎಂದರೆ ಸರಿ ಇದ್ದುದನ್ನು ಬದಲಾಯಿಸಿದ್ದು. ನನ್ನ ಪುಟಗಳ ತುಂಬ 'ಹೊ'. ಅವಳ ಪುಟಗಳಲ್ಲಿ 'ಅ' ಮತ್ತು 'ಬ'. 'ಗೊ' ಇಬ್ಬರಿಗೂ ಕಡಿಮೆ. ಅಂದರೆ ನಮಗೆ ಬೇಕಿದ್ದುದು ಇನ್ನಷ್ಟು ಗೈಡುಗಳಲ್ಲ. ಅವಳು ಉತ್ತರ ಬದಲಾಯಿಸುವುದು ಕೊನೆಯ ಹದಿನೈದು ನಿಮಿಷದಲ್ಲಿ ಎಂದು ಪುಸ್ತಕ ನೋಡಿದಾಗಲೇ ಗೊತ್ತಾದದ್ದು. ಕಾರಣ ಕೇಳಿದರೆ, "ಇಷ್ಟು ಸುಲಭಕ್ಕೆ ನಂಗೆ ಹೊಳೆದಿದೆ ಅಂದ್ರೆ ತಪ್ಪೇ ಇರ್ಬೇಕು ಅನ್ಸುತ್ತೆ ಅತ್ತೆ." ಹೆಣ್ಣುಮಗುವಿಗೆ ಈ ಮಾತನ್ನು ಯಾವ ಶಾಲೆ, ಯಾವ ಮನೆ ಕಲಿಸಿತು ಎಂದು ನೀವೇ ಯೋಚಿಸಿ. ಗದ್ಯದ ಸಾಲು ತೋರಿಸಲಾಗದಿದ್ದರೆ ಉತ್ತರ ಬದಲಾಯಿಸುವಂತಿಲ್ಲ ಎಂದು ನಿಯಮ ಮಾಡಿದೆವು.

ಸಾಮಾನ್ಯ ತರ್ಕದ ಭಾಗಕ್ಕೆ ನಮ್ಮ ಕೇಂದ್ರವೇ ಪಾಠಶಾಲೆ. ಅಲ್ಲಿ ಒಂದು ವಾದ ಕೊಟ್ಟು, ಅದು ಹೇಳದೆ ನಂಬಿಕೊಂಡಿರುವುದು ಏನು ಎಂದು ಕೇಳುತ್ತಾರೆ. ರಾಜಿ ಪಂಚಾಯಿತಿಯಲ್ಲಿ ಹಿರಿಯರು "ಆರು ತಿಂಗಳಿಂದ ಈ ಹೆಣ್ಣುಮಗಳು ದೂರು ಕೊಟ್ಟಿಲ್ಲ, ಆದ್ದರಿಂದ ಅವನು ಹೊಡೆಯೋದು ಬಿಟ್ಟಿದ್ದಾನೆ" ಎನ್ನುತ್ತಾರಲ್ಲ, ಅದರೊಳಗೆ ಅಡಗಿರುವುದು ಏನು? ಹೊಡೆತ ಬಿದ್ದವಳು ದೂರು ಕೊಟ್ಟೇ ಕೊಡುತ್ತಾಳೆ ಎಂಬುದು. ಅದು ಬಿದ್ದುಹೋದರೆ ಇಡೀ ವಾದ ಬೀಳುತ್ತದೆ. ಸೊಸೆಗೆ ಪುಸ್ತಕದ ಉದಾಹರಣೆಗಿಂತ ಇದು ಬೇಗ ಹತ್ತಿತು.

ಇನ್ನು ಕಾಲು ಅಂಕದ ಕಡಿತ. ಹುಡುಗಿಯರು ಇದಕ್ಕೆ ಬಹಳ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯ ಹದಿನಾರು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. 4ರಲ್ಲಿ 3 ಕಳೆದು ಉಳಿಯುವುದು 1 ಅಂಕ. ಅಷ್ಟಕ್ಕೆ ಕೈ ಹಾಕಬೇಕಿಲ್ಲ. ಆದರೆ ನಾಲ್ಕರಲ್ಲಿ ಎರಡು ಖಂಡಿತ ಅಲ್ಲ ಎಂದು ತಿಳಿದು ಉಳಿದೆರಡರಲ್ಲಿ ಒಂದನ್ನು ಆರಿಸಿದರೆ, ಹದಿನಾರರಲ್ಲಿ 8 ಸರಿ, 8 ತಪ್ಪು. 8ರಲ್ಲಿ 2 ಕಳೆದರೆ 6. ಇದನ್ನು ಬಿಡುವುದು ನಷ್ಟ. ಎರಡು ಆಯ್ಕೆ ಹೊಡೆದುಹಾಕಲು ಆದರೆ ಬರೆ, ಆಗದಿದ್ದರೆ ಮುಂದೆ ಹೋಗು. ಇದು ನಮ್ಮ ಸೂತ್ರ.

ಇಷ್ಟೆಲ್ಲ ಮಾಡಿಯೂ ಮೊದಲ ಸಲ ಸಾಲಲಿಲ್ಲ. 2023ರ ಡಿಸೆಂಬರ್ 3, ಭಾನುವಾರ, ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಅವಳು 112 ಪ್ರಶ್ನೆ ಬರೆದಿದ್ದಳು: 69 ಸರಿ, 43 ತಪ್ಪು, ಅಂಕ 58.25. ಯಾವ ಪಟ್ಟಿಯಲ್ಲೂ ಅವಳ ಹೆಸರು ಬರಲಿಲ್ಲ.

ಅಣ್ಣ ತನ್ನ ಮಾತು ನೆನಪಿಸಿದ. ನಾನು ಜಗಳ ಆಡಲಿಲ್ಲ. ತಪ್ಪಿನ ಪುಸ್ತಕ ತಂದು ಅವನ ಮುಂದಿಟ್ಟೆ. ಜೂನ್ ತಿಂಗಳ 31ರಿಂದ ಡಿಸೆಂಬರಿನ 58ರವರೆಗೆ ಎಲ್ಲ ಅಂಕಗಳೂ ಅದರಲ್ಲಿದ್ದವು. ತೋಟದ ಲೆಕ್ಕ ಬರೆಯುವ ಮನುಷ್ಯ, ಏರಿಕೆ ನೋಡಿದ. "ಗಿಡ ನೆಟ್ಟ ಆರು ತಿಂಗಳಿಗೆ ಕಾಯಿ ಕೇಳ್ತೀಯಾ ಅಣ್ಣ?" ಎಂದೆ. ಒಂದು ವರ್ಷ ಸಿಕ್ಕಿತು. ಷರತ್ತು, ಊರಿನ ಕಾಲೇಜಿನಲ್ಲಿ ಬಿಎ ಸೇರಿರಬೇಕು. ಸೇರಿದಳು.

ಎರಡನೇ ವರ್ಷ ಹೊಸದೇನೂ ಓದಲಿಲ್ಲ. ವಾರಕ್ಕೊಂದು ಪೂರ್ತಿ ಪತ್ರಿಕೆ, ಅದೇ ಮಧ್ಯಾಹ್ನ ಎರಡರಿಂದ ನಾಲ್ಕು. ಮನೆಯಲ್ಲಿ ಆ ಹೊತ್ತು ಅವಳಿಗೆ ಯಾವ ಕೆಲಸವನ್ನೂ ಹೇಳಕೂಡದೆಂದು ಅತ್ತಿಗೆಯಿಂದ ಮಾತು ತೆಗೆದುಕೊಂಡೆ. ಹೇಳಲು ಚಿಕ್ಕದು, ಪಡೆಯಲು ಬಹಳ ಕಷ್ಟವಾದದ್ದು ಇದೇ. ಗಂಡು ಹುಡುಗ ಓದುತ್ತಿದ್ದರೆ ಬಂದವರಿಗೆ ಕಾಫಿ ಕೊಡು ಎಂದು ಯಾರೂ ಎಬ್ಬಿಸುವುದಿಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಂಕ 66ರಿಂದ 70ರ ನಡುವೆ ನಿಂತುಬಿಟ್ಟಿತು, ಏಳು ಪತ್ರಿಕೆಗೂ ಅಷ್ಟೇ. ಅಳು, ಬೇಸರ. ಪುಸ್ತಕ ತಿರುವಿದರೆ ಕಾರಣ ಸಿಕ್ಕಿತು: ಮೊದಲು ಕಷ್ಟದ ಗದ್ಯ ಹಿಡಿದು ಹಟ ಮಾಡುತ್ತಿದ್ದಳು. ಸುಲಭದ್ದನ್ನು ಮೊದಲು ಮುಗಿಸಿ, ಕಷ್ಟದ್ದಕ್ಕೆ ಎಂಟು ನಿಮಿಷಕ್ಕಿಂತ ಹೆಚ್ಚು ಕೊಡಬಾರದು ಎಂದು ಕಟ್ಟು ಮಾಡಿದೆವು. ಅಕ್ಟೋಬರಿನಲ್ಲಿ 78 ಬಂತು.

2024ರ ಡಿಸೆಂಬರ್ 1ರಂದು ಅವಳು ಬರೆದದ್ದು 109 ಪ್ರಶ್ನೆ, ಹಿಂದಿನ ಸಲಕ್ಕಿಂತ ಮೂರು ಕಡಿಮೆ. 87 ಸರಿ, 22 ತಪ್ಪು, 81.5.

ಆದರೆ ಸೀಟು ಕೈಗೆ ಬರಲಿಲ್ಲ. ಆ ವರ್ಷದ ಉತ್ತರಪಟ್ಟಿಯಲ್ಲೇ ತಪ್ಪಿದೆ ಎಂದು ವಿದ್ಯಾರ್ಥಿಗಳು ಕೋರ್ಟಿಗೆ ಹೋಗಿದ್ದರು. ಎರಡು ಪ್ರಶ್ನೆಗಳ ಉತ್ತರ ತಪ್ಪೆಂದು ದೆಹಲಿ ಹೈಕೋರ್ಟು ಡಿಸೆಂಬರ್ 20ರಂದು ಹೇಳಿತು. ಬೇರೆ ರಾಜ್ಯಗಳಲ್ಲೂ ಅರ್ಜಿಗಳು. ಎಲ್ಲ ಸೇರಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡುವವರೆಗೆ ಪಟ್ಟಿ ನಿಂತಿತ್ತು. ಐದು ತಿಂಗಳು! ನಮ್ಮ ಮನೆಯಲ್ಲಿ ಐದು ತಿಂಗಳು ಎಂದರೆ ಎಷ್ಟು ಸಂಬಂಧಗಳು ಬಂದು ಹೋಗುತ್ತವೆ! ಏಪ್ರಿಲಿನಲ್ಲಿ ಅರಸೀಕೆರೆಯ ಕಡೆಯವರು ಬಂದರು. ಒಳ್ಳೆಯ ಮನೆತನ, ಹುಡುಗನಿಗೆ ಕೆಲಸ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಅದು ನಿಮ್ಮಿಷ್ಟ" ಎಂದರು. ಅವರು ಹೋದ ಮೇಲೆ ಸೊಸೆ ಅಪ್ಪನ ಪಕ್ಕ ಕೂತು, "ಅಪ್ಪಾ, ಅವರು ಹೇಳದೇ ನಂಬ್ಕೊಂಡಿರೋದು ಏನು ಹೇಳು? ನೀನು ಏನಾದ್ರೂ ಹಾಕೇ ಹಾಕ್ತೀಯ ಅಂತ" ಎಂದಳು. ಆಮೇಲೆ ಮೆಲ್ಲಗೆ, "1961ರ ಕಾಯಿದೆ ಮೂರನೇ ಕಲಮು, ಕೊಡೋದೂ ಅಪರಾಧ, ಐದು ವರ್ಷಕ್ಕೆ ಕಡಿಮೆ ಇಲ್ಲ." ಅಣ್ಣನಿಗೆ ನಗು ಬಂತೋ ಸಿಟ್ಟು ಬಂತೋ, ಎದ್ದು ತೋಟಕ್ಕೆ ಹೋದ. ಅರಸೀಕೆರೆಯವರಿಗೆ ಫೋನ್ ಮಾತ್ರ ಮಾಡಲಿಲ್ಲ.

ಮೇ ಕೊನೆಯಲ್ಲಿ ಪಟ್ಟಿ ಬಂತು. ಹೊರರಾಜ್ಯದ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಮದುವೆ ದುಡ್ಡು ಮುರಿಸಿ ಮೊದಲ ವರ್ಷದ ಶುಲ್ಕ ಕಟ್ಟಿದೆವು. ಉಳಿದದ್ದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ. ಸಾಲದ ಭಾರ ನೆನೆದರೆ ನನಗೂ ನಿದ್ದೆ ಬರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಬಡ ಮನೆಯ ಮಕ್ಕಳಿಗೆ ತರಬೇತಿ ಕೊಡಿಸುವ 'ಐಡಿಯಾ' ಎಂಬ ಸಂಸ್ಥೆ ಇದೆ, ಪ್ರೊಫೆಸರ್ ಶಮ್ನಾದ್ ಬಶೀರ್ 2010ರಲ್ಲಿ ಕಟ್ಟಿದ್ದು. ನಮಗೆ ಅದು ತಿಳಿದದ್ದು ತಡವಾಗಿ. ನಿಮಗೆ ಈಗಲೇ ಹೇಳಿದ್ದೇನೆ.

ನನ್ನ ವಿಷಯ. ಮೂರು ವರ್ಷದ ಎಲ್‌ಎಲ್‌ಬಿಗೆ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ಪದವಿಯ ಅಂಕ ನೋಡುತ್ತಾರೆ. ಉತ್ತರ ಕನ್ನಡದಲ್ಲೇ ಬರೆಯಬಹುದು. ಮೂವತ್ತು ದಾಟಿದವರಿಗೆ ಪ್ರವೇಶ ಇಲ್ಲ ಎಂಬ ವಕೀಲರ ಪರಿಷತ್ತಿನ ನಿಯಮಕ್ಕೆ 2017ರ ಮಾರ್ಚಿನಲ್ಲೇ ಸುಪ್ರೀಂ ಕೋರ್ಟು ತಡೆ ಕೊಟ್ಟಿದೆ. ವಯಸ್ಸಾಯಿತು ಎಂದು ಕೂತಿರುವವರು ಇದನ್ನು ಗಮನಿಸಿ. ನಾನು ಸೇರಿದ್ದೇನೆ. ತರಗತಿಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ನನ್ನನ್ನು ಆಂಟಿ ಎನ್ನುತ್ತಾಳೆ, ಅಭ್ಯಾಸವಾಗಿದೆ. ಮೊದಲ ಕಿರುಪರೀಕ್ಷೆಯಲ್ಲಿ ಮತ್ತೆ 'ಹೊ' ತಪ್ಪು ಮಾಡಿದೆ. ಸೊಸೆಗೆ ಫೋನಿನಲ್ಲಿ ಹೇಳಿದರೆ ಹಾಸ್ಟೆಲಿನಿಂದ ನಗುತ್ತಾಳೆ.

ಶನಿವಾರ ಮಧ್ಯಾಹ್ನ ನಮ್ಮ ಕೇಂದ್ರದ ಹಿಂದಿನ ಕೋಣೆಯಲ್ಲಿ ಈಗ ಐದು ಜನ ಕೂರುತ್ತಾರೆ: ನಾಲ್ವರು ಪಿಯುಸಿ ಹುಡುಗಿಯರು, ಇನ್ನೊಬ್ಬಾಕೆ ಎರಡು ಮಕ್ಕಳ ತಾಯಿ, ಕೇಂದ್ರಕ್ಕೆ ಅರ್ಜಿ ಹಿಡಿದು ಬಂದವಳು. ಗಡಿಯಾರ ಗೋಡೆಯ ಮೇಲಿದೆ, ಪತ್ರಿಕೆ ನಾವು ಕೊಡುತ್ತೇವೆ, ಪೆನ್ನು ನೀವು ತರಬೇಕು. ಈಗ ಹಿಂದಿನ ಬೆಂಚಿನ ಮೇಲೆ ಒಂದು ಗದ್ಯಭಾಗದ ಪ್ರತಿಗಳನ್ನು ಇಟ್ಟಿದ್ದೇನೆ. ನಾನು ಹೇಳಿದೆನಲ್ಲ, ಅದೇ ಗೊಬ್ಬರದ ಹಣದ್ದು, ಕನ್ನಡಕ್ಕೆ ತಿರುಗಿಸಿದ್ದೇವೆ. ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಒಂದೊಂದು ತೆಗೆದುಕೊಂಡು ಗುರುತು ಹಾಕಿ, ಆಮೇಲೆ ಕೂತು ತಪ್ಪು ನೋಡೋಣ.